ಮೂರನೆಯ ದೇಶಕ್ಕೆ ಒಪ್ಪಿಗೆ

ಡಬ್ಬಿ ವ್ಯಾನಿನಲ್ಲಿತ್ತು, ವ್ಯಾನು ಗೇಟಿನಲ್ಲಿ ನಿಂತಿತ್ತು. ಗೇಟು ತೆಗೆಸಬೇಕಾದವಳು ಅಣುಸ್ಥಾವರದ ಕಾನೂನು ಅಧಿಕಾರಿಯಾದ ನಾನು. ನನ್ನ ಹಣೆಬರಹ!

ಡಬ್ಬಿಯಲ್ಲಿದ್ದದ್ದು ಕ್ಯಾನ್ಸರಿನ ವಿಕಿರಣ ಔಷಧಿ. ತಯಾರಿಸಿದ್ದು ನಮ್ಮ ರಿಯಾಕ್ಟರಿನಲ್ಲೇ, ಆದರೆ ಇಂಧನ ಕೊಟ್ಟದ್ದು ಬೇರೆ ದೇಶ. ಆ ಇಂಧನದಿಂದ ಹುಟ್ಟಿದ್ದು ಏನೇ ಇರಲಿ, ಮೂರನೆಯ ದೇಶಕ್ಕೆ ಕಳಿಸಬೇಕಾದರೆ ಅವರ ಒಪ್ಪಿಗೆ ಬೇಕೆಂದು ಒಪ್ಪಂದವಿದೆ. ಔಷಧಿಗೆ ಒಪ್ಪಂದ ಗೊತ್ತೇ? ಕೂತಲ್ಲೇ ಗಂಟೆಗಂಟೆಗೂ ಅದರ ಶಕ್ತಿ ಇಳಿಯುತ್ತಿತ್ತು. ಪಕ್ಕದ ದೇಶದ ಆಸ್ಪತ್ರೆಯಲ್ಲಿ ಅದಕ್ಕಾಗಿ ಕಾದು ಮಲಗಿದ್ದವಳು ನನ್ನ ಸ್ವಂತ ಅಕ್ಕ. ಈ ವಿಷಯ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಕಡತ ಇನ್ನೊಬ್ಬರ ಮೇಜಿಗೆ ಹೋಗಿ, ಎಲ್ಲ ಮೊದಲಿನಿಂದ ಶುರುವಾಗುತ್ತಿತ್ತು.

"ಮೇಡಂ, ಇಂಜಿನ್ ಆಫ್ ಮಾಡ್ಲಾ?" ಡ್ರೈವರ್ ಗೇಟಿನಿಂದ ಫೋನ್ ಮಾಡಿದ.

"ಮಾಡಿದ್ರೆ ನೋಡು ಮತ್ತೆ!" ಎಂದು ಹರಿಹಾಯ್ದೆ. ಪಾಪ, ಅವನದೇನು ತಪ್ಪು.

ಕಂಪ್ಯೂಟರ್ ಪರದೆಯಲ್ಲಿ ಇಂಧನ ಕೊಟ್ಟ ದೇಶದ ವಕೀಲರು, ಬೆಂಡೆಕಾಯಿ ತುದಿ ಮುರಿದು ನೋಡುವವರ ಹಾಗೆ ಒಂದೊಂದೇ ಹಾಳೆ ಪರೀಕ್ಷಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದ ಮೊಬೈಲಿನಲ್ಲಿ, ಆಸ್ಪತ್ರೆಯಲ್ಲಿ ಅಕ್ಕನ ಜೊತೆಗಿದ್ದ ಭಾವ, "ವ್ಯಾನ್ ಹೊರಡೋವರೆಗೂ ಫೋನ್ ಇಡಲ್ಲ" ಎಂದು ಹಠ ಹಿಡಿದು ಕಾಯುತ್ತಿದ್ದರು.

"ಎಲ್ಲಾ ಸರಿಯಿದೆ ಮೇಡಂ," ಎಂದರು ವಕೀಲರು. "ಕೊನೇದೊಂದಿದೆ, ನಮ್ಮಲ್ಲಿ ಇದನ್ನ ಬಾಯಿಬಿಟ್ಟೇ ಹೇಳಿಸ್ಕೋಬೇಕು. ಆ ರೋಗಿಗೂ ನಿಮಗೂ ಏನಾದ್ರೂ ಸಂಬಂಧ ಇದೆಯಾ?"

"ಇಲ್ಲ," ಎಂದೆ. "ಆಕೆ ನನಗೆ ಯಾರೂ ಅಲ್ಲ."

"ಏನೇ ಅಂದೆ?"

ಮೊಬೈಲಿನಿಂದ ಬಂದದ್ದು ಭಾವನ ದನಿಯಲ್ಲ, ಅಕ್ಕನದು. ಯಾವಾಗ ಫೋನನ್ನು ಅವಳ ಕೈಗೆ ಕೊಟ್ಟರೋ ಪುಣ್ಯಾತ್ಮರು! ವಕೀಲರು ತಲೆ ಎತ್ತಿದರು.

"ಯಾರದು?"

"ಯಾವುದೋ ರಾಂಗ್ ನಂಬರ್ ಸಾರ್," ಎಂದು ಕಟ್ ಮಾಡಿದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ನಾನೂ ಕಣ್ಣು ಕೆಳಗಿಳಿಸಲಿಲ್ಲ. ಕೊನೆಗೂ ಸಹಿ ಬಿತ್ತು, ಗೇಟು ತೆರೆಯಿತು. ಪರದೆ ಆರಿಸಿ ಭಾವನಿಗೆ ಫೋನ್ ಮಾಡಿದೆ.

"ವ್ಯಾನ್ ಹೊರಟಿತು ಭಾವ! ಅಕ್ಕನಿಗೆ ಕೊಡಿ ಫೋನು, ಬೇಗ."



"ಕೊಡ್ತಿದ್ದೀನಮ್ಮ," ಎಂದರು ಭಾವ. "ತಗೋತಿಲ್ಲ ಅವಳು."