ಕಿಂಡಿ ಮುಚ್ಚಿದ ಗೋಡೆ

ನೀರು ಗೋಡೆಯ ತನಕ ಬಂದು ನಿಂತಿತ್ತು. ಟೈಲರಮ್ಮ ಕಿಟಕಿಯ ಸರಳು ಹಿಡಿದು ನೋಡುತ್ತಲೇ ಇದ್ದಳು. ಪ್ರತಿ ಮಳೆಗಾಲ ಹೇಳದೆ ಕೇಳದೆ ಮನೆಯೊಳಗೆ ನುಗ್ಗುತ್ತಿದ್ದ ಹಳ್ಳ ಈ ಸಲ ಹೊಸ ಗೋಡೆಯನ್ನು ಮೂಸಿ ನೋಡಿ, ಪಕ್ಕಕ್ಕೆ ಹೊರಳಿತು. ಪಕ್ಕದಲ್ಲಿದ್ದದ್ದು ಮೈದುನನ ಮಣ್ಣಿನ ಮನೆ.

ಅಣ್ಣತಮ್ಮಂದಿರು ಜಾಗ ಹಂಚಿಕೊಂಡಾಗ ಗೇಣಷ್ಟು ಎತ್ತರದ ಜಾಗ ತಮ್ಮನಿಗೆ, ತಗ್ಗು ಅಣ್ಣನಿಗೆ ಬಿದ್ದಿತ್ತು. ಹಳ್ಳ ಉಕ್ಕಿದಾಗಲೆಲ್ಲ ಟೈಲರಮ್ಮ ಹೊಲಿಗೆ ಯಂತ್ರ, ಗಿರಾಕಿಗಳ ಬಟ್ಟೆಗಂಟು ಸಾಗಿಸಿಕೊಂಡು ವಾರಗಿತ್ತಿಯ ಹೊಸ್ತಿಲಲ್ಲಿ ನಿಲ್ಲಬೇಕಿತ್ತು. ಅವಳು ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ತನ್ನ ಮಂಚವನ್ನೇ ಬಿಟ್ಟುಕೊಡುತ್ತಿದ್ದಳು. ಟೈಲರಮ್ಮನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ. ಒಂದೇ ಒಂದು ಸಲ ಅವಳೂ ಗಂಟು ಹೊತ್ತು ನನ್ನ ಬಾಗಿಲಿಗೆ ಬರಲಿ.

ಗಾರೆ ಕೆಲಸದ ಗಂಡ ಬೇಸಿಗೆಯಲ್ಲಿ ಗೋಡೆ ಕಟ್ಟುವಾಗ, ನೀರು ಹಾಯಲೆಂದು ಬುಡದಲ್ಲಿ ಕಿಂಡಿ ಬಿಟ್ಟಿದ್ದ.

"ಅದನ್ನೂ ಮುಚ್ಚಿ."

"ಮುಚ್ಚಿದ್ರೆ ಅವರ ಕಡೆ ಹೊರಳುತ್ತೆ ಕಣೆ."

"ಇಷ್ಟು ವರ್ಷ ನಮ್ಮನೇಲಿ ಬಂದು ಮಲಗ್ತಿತ್ತಲ್ಲ, ಆಗೆಲ್ಲಿತ್ತು ಈ ಬಾಯಿ?"

"ಊರೋರ ಮನೆ ಕಟ್ಟೋದೇ ವಾಸಿ," ಎಂದು ಗೊಣಗಿ ಅವನು ಕಿಂಡಿಗೆ ಸಿಮೆಂಟು ಮೆತ್ತಿದ್ದ.

ಮಧ್ಯಾಹ್ನ ವಾರಗಿತ್ತಿ ಬಂದೇಬಿಟ್ಟಳು. ತಲೆಯ ಮೇಲೆ ಹಾಸಿಗೆಯ ಸುರುಳಿ, ಮೊಣಕಾಲ ತನಕ ಕೆಸರು. ಟೈಲರಮ್ಮ ತಲೆಗೂದಲು ನೇವರಿಸಿಕೊಂಡು ಬಾಗಿಲು ತೆಗೆದಳು. ಏನು ಹೇಳಬೇಕೆಂದು ಯಾವತ್ತೋ ಯೋಚಿಸಿಟ್ಟಿದ್ದಳು.

"ಬಾ. ಸಂಕೋಚ ಪಟ್ಕೋಬೇಡ."

"ಸಂಕೋಚ ಯಾಕಕ್ಕ? ಸ್ವಲ್ಪ ಸರಿ ಆ ಕಡೆ," ಎಂದು ಅವಳು ಹಾಸಿಗೆಯನ್ನು ಹೊಲಿಗೆ ಯಂತ್ರದ ಮೇಲೆಯೇ ಹಾಕಿದಳು. "ಪಾತ್ರೆಗಳೆಲ್ಲ ಬಾತುಕೋಳಿ ಥರ ತೇಲ್ತಾ ಇವೆ. ನಿನ್ನ ಮೈದುನ ಅಟ್ಟಿಸ್ಕೊಂಡು ಹೋಗಿ ಹಿಡೀತಾ ಇದಾರೆ. ಮದುವೆ ಆದ್ಮೇಲೆ ಇವತ್ತೇ ನೋಡು ಅವರು ಪಾತ್ರೆ ಮುಟ್ಟಿದ್ದು." ನಕ್ಕಳು. "ಒಣಗಿದ ಬಟ್ಟೆ ಕೊಡಕ್ಕ. ಆ ಹಸಿರುದು ಇದೆಯಲ್ಲ, ಅದನ್ನೇ."

ಟೈಲರಮ್ಮ ತನಗೆಂದು ಹೊಲಿದುಕೊಂಡು, ಇನ್ನೂ ತೊಡದೆ ಇಟ್ಟಿದ್ದ ಬಟ್ಟೆ ಅದು. ಕೊಟ್ಟಳು. ಅದು ಅವಳಿಗೆ ಒಪ್ಪಿತು ಕೂಡ.

ವಾರಗಿತ್ತಿಯ ಮನೆಯಲ್ಲಿ ತಾನು ಗೋಡೆಗೂ ಒರಗದೆ, ಎರಡನೇ ಸಲ ಅನ್ನ ಕೇಳದೆ ಕೂತ ದಿನಗಳು ಟೈಲರಮ್ಮನಿಗೆ ನೆನಪಾದವು. ಇವಳೋ, ತವರಿಗೆ ಬಂದವಳಂತೆ ಮಂಚದ ಮೇಲೆ ಕಾಲು ಚಾಚಿದಳು.

"ಗೋಡೆ ಕಟ್ಟಿಸಿದ್ದು ಒಳ್ಳೇದಾಯ್ತು ಬಿಡಕ್ಕ. ಇನ್ನಾದ್ರೂ ಮಳೆಗಾಲದಲ್ಲಿ ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ," ಎಂದವಳೇ ತಾನು ನಿದ್ದೆಹೋದಳು.

ತಮ್ಮನಿಗೆ ನೆರವಾಗಲು ಹೋಗಿದ್ದ ಗಂಡ ಹಾರೆ ಹಿಡಿದು ಬಾಗಿಲಿಗೆ ಬಂದ. ಮೈಯೆಲ್ಲ ನೀರು ಸುರಿಯುತ್ತಿತ್ತು.

"ನೀರು ಇಳೀತಾ ಇಲ್ಲ. ಅವರ ಗೋಡೆ ಬುಡ ನೆನೆದುಹೋಗಿದೆ, ಸಂಜೆವರೆಗೂ ನಿಲ್ಲಲ್ಲ." ಅವನು ಒಳಗೆ ಬರಲಿಲ್ಲ. "ಕಿಂಡಿ ಒಡೀಲಾ? ನೀರು ನಮ್ಮನೆಗೇ ಬರುತ್ತೆ."

ಟೈಲರಮ್ಮ ಹಸಿರು ಬಟ್ಟೆಯನ್ನೂ, ಅರ್ಧ ತೆರೆದ ಬಾಯನ್ನೂ ನೋಡಿದಳು. ಎಂಥ ನಿದ್ದೆ.

"ಕೇಳಿದ್ದು ನಿನ್ನನ್ನೇ," ಎಂದ ಗಂಡ.

ಅವಳು ನೆಲದ ಮೇಲಿದ್ದ ಗಿರಾಕಿಗಳ ಬಟ್ಟೆಗಂಟನ್ನು ಎತ್ತಿ ಮಂಚದ ಕಾಲ್ದೆಸೆಗೆ ತಂದಳು. ವಾರಗಿತ್ತಿ ನಿದ್ದೆಯಲ್ಲೇ ಮೊಣಕಾಲು ಮಡಚಿ ಜಾಗ ಬಿಟ್ಟಳು.