ಹತ್ತು ಮೆತ್ತೆ

ಊರಿನ ಅರ್ಧ ಜನ ಕೂರುವುದು ಅವಳು ಹೊಲಿದ ಸೀಟಿನ ಮೇಲೆ. ಬಸ್ಸಿನ ಸೀಟು, ಕಾರಿನ ಸೀಟು, ಹಲ್ಲಿನ ಡಾಕ್ಟರ ಒರಗುಕುರ್ಚಿ, ಎಲ್ಲದಕ್ಕೂ ಅವಳದೇ ಹೊಲಿಗೆ. ಅವಳು ಮಾತ್ರ ಹದಿನಾಲ್ಕು ವರ್ಷದಿಂದ ಕೂತಿರುವುದು ಮಿಷನ್ನಿನ ಮುಂದಿನ ಮರದ ಸ್ಟೂಲಿನ ಮೇಲೆ. ಬಾಲದ ಮೂಳೆಯ ನೋವು ಅಲ್ಲಿಂದ ಬಂದ ಬಳುವಳಿ. ಒಂದು ಮೆತ್ತೆ ಹಾಕಿಕೊಳ್ಳಲೇ ಎಂದು ಕೇಳಿದರೆ ಸೀಟಿನಂಗಡಿಯ ಯಜಮಾನ, "ಮೆತ್ತಗೆ ಕೂತರೆ ನಿದ್ದೆ ಬರುತ್ತೆ ಕಣಮ್ಮ" ಎಂದು ನಗುತ್ತಿದ್ದ.

ದೋಣಿಗೆ ಅವಳನ್ನು ಎಳೆದು ತಂದವಳು ಪಕ್ಕದ ಮನೆಯ ನರ್ಸು. ಬೀದಿಯ ಅಂಗಡಿಯವರು, ಕೆಲಸದವರು ಸೇರಿ ಕಟ್ಟಿಕೊಂಡ ತಂಡ ಅದು. ಭಾನುವಾರ ಬೆಳಿಗ್ಗೆ ಕೆರೆಯಲ್ಲಿ ಐದು ಹಲಗೆಯ ಉದ್ದನೆ ದೋಣಿ, ಹಲಗೆಗಿಬ್ಬರಂತೆ ಹತ್ತು ಜನ. ಕಲಿಸುವವರು ನಿವೃತ್ತ ಪಿ.ಟಿ. ಮೇಷ್ಟ್ರು. ಅವರು ಹಿಂದೆ ನಿಂತು "ಒಂದು!" ಎಂದರೆ ಹತ್ತೂ ಹುಟ್ಟು ಒಟ್ಟಿಗೆ ನೀರಿಗಿಳಿಯಬೇಕು. ಅಷ್ಟೇ. ಆ ಮುಕ್ಕಾಲು ಗಂಟೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮನೆಯಲ್ಲಾದರೆ, ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿ ಎರಡು ವರ್ಷವಾದರೂ ಕಿಟಕಿ ಪಕ್ಕದ ಕುರ್ಚಿ ಬಿಟ್ಟೇಳದ ಗಂಡ. ಅವನ ಮೌನಕ್ಕೂ ಇವಳೇ ಉತ್ತರ ಹುಡುಕಬೇಕು. ದೋಣಿಯಲ್ಲಿ ಹುಡುಕುವುದೇನೂ ಇರಲಿಲ್ಲ. ಮೂರನೇ ಹಲಗೆ, ಎಡಗಡೆ. ಸೊಂಟವನ್ನು ಅಂಚಿಗೆ ಒತ್ತಿ, ಮುಂದೆ ಕೂತ ಬೀಗದ ರಿಪೇರಿಯವನ ಅಗಲವಾದ ಬೆನ್ನು ನೋಡುತ್ತ, ಒಂದು, ಒಂದು, ಒಂದು. ವಾರದ ಉಳಿದ ಆರು ದಿನ ಅವಳು ಆ 'ಒಂದ'ರ ಮೇಲೆಯೇ ಜೀವ ಹಿಡಿದಿದ್ದಳು ಎಂದರೆ ಸುಳ್ಳಲ್ಲ.

ಕೆರೆಯ ದೋಣಿ ಪಂದ್ಯಕ್ಕೆ ಮೂರು ವಾರ ಇರುವಾಗ ಹನ್ನೊಂದನೆಯವಳು ಬಂದಳು. ಬೇಕರಿಯವಳು. ದಿನಕ್ಕೆ ಮೂಟೆಗಟ್ಟಲೆ ಹಿಟ್ಟು ನಾದುವ ತೋಳು. ಹತ್ತೇ ಜಾಗ; ಅವಳು ದಡದಲ್ಲಿ ಕಾಯುತ್ತಿದ್ದಳು.

ಅಂದು ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದರು: "ಕೈ ಸೋಲೋದು ಆಮೇಲೆ. ಮೊದಲು ಸೋಲೋದು ತಲೆ. ನೋವು, ನೋವು ಅಂತ ತಲೆಯೊಳಗೆ ರಾಗ ಎಳೆಯೋರಿಗೆ ದಡದಲ್ಲಿ ಬೇಕಾದಷ್ಟು ಜಾಗ ಇದೆ."

ಬೇಕರಿಯವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಇವಳು ಸೊಂಟ ಹಿಡಿದಿದ್ದ ಕೈ ಕೆಳಗಿಳಿಸಿದಳು.

ಅಭ್ಯಾಸದ ಕೊನೆಯ ಹತ್ತು ನಿಮಿಷ ಅವಳಿಗೆ ಕೂರಲಾಗುತ್ತಿರಲಿಲ್ಲ. ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ಎತ್ತುವಾಗ ತಾಳ ತಪ್ಪುತ್ತಿತ್ತು. ಅದೇ ಹಲಗೆಯ ಬಲಗಡೆ ಕೂರುವ ನರ್ಸು ನೋಡಿಯೇಬಿಟ್ಟಳು.

"ಏನೇ ಇದು, ಹೆಂಚಿನ ಮೇಲೆ ಕೂತ ಹಾಗೆ ಆಡ್ತೀಯಾ? ಮೇಷ್ಟ್ರಿಗೆ ಹೇಳು."

"ಹೇಳಿ ದಡ ಸೇರಲಾ? ನೀನೂ ಬಾಯಿ ಬಿಡಬೇಡ. ನನ್ನಾಣೆ."

"ನಿನ್ನಾಣೆ ನಂಗ್ಯಾಕೆ? ಮುಲಾಮು ಕೊಡ್ತೀನಿ, ಹಚ್ಚು."

ಮುಲಾಮಿನಿಂದ ಏನೂ ಆಗಲಿಲ್ಲ. ಮೆತ್ತೆಯೊಂದು ಬೇಕು. ಆದರೆ ಒಬ್ಬಳೇ ಮೆತ್ತೆ ಹಾಕಿಕೊಂಡು ಕೂತರೆ ನೋವಿದೆ ಎಂದು ಡಂಗುರ ಸಾರಿದಂತೆಯೇ. ಮಿಷನ್ ತುಳಿಯುತ್ತ ಯೋಚಿಸಿದಳು. ಹತ್ತೂ ಜನಕ್ಕೆ ಹೊಲಿದರೆ? ಹತ್ತರಲ್ಲಿ ತನ್ನದೊಂದು ಯಾರ ಕಣ್ಣಿಗೆ ಬಿದ್ದೀತು?

ಯಜಮಾನನ ಹತ್ತಿರ ಚೂರುಪಾರು ಸ್ಪಂಜು, ಬಸ್ಸಿನ ಸೀಟಿನಲ್ಲಿ ಉಳಿದ ನೀಲಿ ರೆಕ್ಸಿನ್ ಕೇಳಿ ಪಡೆದಳು. ಐದು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಕತ್ತರಿ. ಮೂರು ಬೆರಳು ದಪ್ಪ, ಅಂಚಿಗೆ ಜೋಡಿ ಹೊಲಿಗೆ, ಒಂದು ಹನಿ ನೀರು ಇಳಿಯದ ಹಾಗೆ. ಹತ್ತನೆಯದು ಮುಗಿದದ್ದು ಪಂದ್ಯದ ಹಿಂದಿನ ದಿನ.

ಬೆಳಿಗ್ಗೆ ದೋಣಿಯಲ್ಲಿ ಮೆತ್ತೆ ಹಂಚಿದಾಗ ಎಲ್ಲರ ಮುಖ ಅರಳಿತು.

"ಅಬ್ಬಾ, ಸೋಫಾ! ಟೀ ಒಂದು ಬಂದ್ರೆ ಇಲ್ಲೇ ಸಂಸಾರ ಹೂಡ್ತೀನಿ" ಎಂದ ಬೀಗದವನು.

ಮೇಷ್ಟ್ರು ಬರುವಷ್ಟರಲ್ಲಿ ಎಲ್ಲರೂ ಕೂತಾಗಿತ್ತು. "ಇದೇನು? ಪಂದ್ಯದ ದಿನ ಹೊಸದು ಏನೂ ಬೇಡ ಅಂತ ಹೇಳಿರಲಿಲ್ವಾ? ತೆಗೀರಿ!"

"ಬಿಡಿ ಮೇಷ್ಟ್ರೇ, ಪಾಪ, ಅಕ್ಕ ಇಷ್ಟು ಕಷ್ಟಪಟ್ಟು..." ಎಂದರು ನಾಲ್ಕು ಜನ. ಅಷ್ಟರಲ್ಲಿ ಆ ಕಡೆಯಿಂದ ಸೀಟಿ ಊದಿ ಸಾಲಿಗೆ ಕರೆದರು. ಮೇಷ್ಟ್ರು ಹಣೆ ಚಚ್ಚಿಕೊಂಡು ಹತ್ತಿದರು.

ಮೊದಲ ಮೂವತ್ತು ಹುಟ್ಟು ಅವಳಿಗೆ ನೋವೇ ಇರಲಿಲ್ಲ. ನಿಜವಾಗಿಯೂ ಇರಲಿಲ್ಲ. ಮೈಯಲ್ಲಿ ಮೂಳೆ ಇದೆ ಎಂಬುದೇ ಮರೆತುಹೋಗಿತ್ತು. ಪಕ್ಕದ ದೋಣಿ ಹಿಂದೆ ಬಿತ್ತು. ನರ್ಸು ಹಲ್ಲು ಕಿರಿದಳು.

ಆಮೇಲೆ ನೀರು ಸಿಡಿದು ರೆಕ್ಸಿನ್ ಒದ್ದೆಯಾಯಿತು.

ಒದ್ದೆ ರೆಕ್ಸಿನ್ ಜಾರುತ್ತದೆ ಎಂದು ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಬೀಗದವನು ಹುಟ್ಟು ಎಳೆದ ರಭಸಕ್ಕೆ ಹಲಗೆಯ ನಡುವಿಗೆ ಸರಿದ. ಅವನ ಜೋಡಿಯವನು ತಳ್ಳಿಸಿಕೊಂಡು ಅಂಚಿಗೆ ಬಿದ್ದ. ಮೂರು ಬೆರಳು ಎತ್ತರ ಕೂತ ಹತ್ತು ಜನರ ಭಾರ ಒಂದೇ ಮಗ್ಗುಲಿಗೆ ವಾಲಿತು. "ಕೂತ್ಕೊಳ್ಳಿ! ಕೂತ್ಕೊಳ್ಳಿ!" ಎಂದು ಮೇಷ್ಟ್ರು ಕೂಗಿದರು. ಯಾರೂ ಎದ್ದಿರಲಿಲ್ಲ. ಕೂತವರು ಕೂತಹಾಗೆಯೇ ನೀರಿಗೆ ಬಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಎಲ್ಲರಿಗೂ ತೇಲುವ ಅಂಗಿ ಇತ್ತು, ಯಾರಿಗೂ ಏನೂ ಆಗಲಿಲ್ಲ. ಹತ್ತು ನೀಲಿ ಮೆತ್ತೆ ಹಾಯಾಗಿ ತೇಲುತ್ತಿದ್ದವು. "ಬಸ್ಸು ಮುಳುಗಿತು ರೋ!" ಎಂದು ದಡದಲ್ಲಿ ಯಾರೋ ಕೂಗಿದರು. ಜನ ಗೊಳ್ಳೆಂದಿತು.

ಟವೆಲು ಹೊದ್ದು ನಡುಗುತ್ತ ಕೂತಾಗ ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒದ್ದೆ ಮೆತ್ತೆಯೊಂದನ್ನು ಕೈಯಲ್ಲಿ ಒತ್ತಿ ನೋಡಿ, ಮೆಲ್ಲಗೆ, "ಯಾರಿಗೆ ನೋವಿದ್ದದ್ದು?" ಎಂದರು.

ನರ್ಸು ಅವಳ ಕಡೆ ತಿರುಗಿ ನೋಡಲಿಲ್ಲ. "ಇವಳಿಗೆ ಮೇಷ್ಟ್ರೇ. ತಿಂಗಳಿಂದ. ನಾನೇ ಹೇಳಬೇಕಿತ್ತು."

ಮೇಷ್ಟ್ರು ತಮ್ಮ ಚೀಲದಿಂದ ಚೌಕದ ರಬ್ಬರ್ ತುಂಡೊಂದನ್ನು ತೆಗೆದರು. ತೆಳ್ಳಗೆ, ಮೇಲೆಲ್ಲ ತರಿತರಿ. "ಇದು ಜಾರಲ್ಲ. ನನಗೂ ಬೆನ್ನುನೋವು ಇತ್ತಮ್ಮ, ಹುಟ್ಟು ಹಾಕ್ತಿದ್ದ ಕಾಲದಲ್ಲಿ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಕೊಡ್ತಿರಲಿಲ್ವಾ?"

ಇವರು ಈ ಮಾತನ್ನು ಮೂರು ವಾರ ಮುಂಚೆ ಆಡಿದ್ದರೆ ಎಂದುಕೊಂಡಳು. ತನ್ನ ಮಾತನ್ನು ಅವಳೂ ಆಡಿರಲಿಲ್ಲ.

"ಸ್ವಲ್ಪ ದಿನ ದಡದಲ್ಲಿರಿ. ನೋವು ವಾಸಿಯಾಗಲಿ. ಆಮೇಲೆ ನೋಡೋಣ." ರಬ್ಬರ್ ತುಂಡು ಅವರ ಚೀಲಕ್ಕೇ ಹೋಯಿತು. ಬೇಕರಿಯವಳು ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ ಅಕ್ಕ, ನಿಮ್ಮ ಜಾಗ ಬೆಚ್ಚಗಿಟ್ಟಿರ್ತೀನಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅದೇ ನುಂಗಲಾರದ ತುತ್ತಾಯಿತು.

ಮೆತ್ತೆಗಳನ್ನು ಎರಡು ಚೀಲಕ್ಕೆ ತುಂಬಿ ಬಸ್ ಹತ್ತಿದಳು. ಸೀಟು ಖಾಲಿ ಇತ್ತು, ಅವಳೇ ಹೊಲಿದದ್ದು. ನಿಂತೇ ಬಂದಳು.

ಮುಂದಿನ ಭಾನುವಾರ ಐದೂವರೆಗೆ ಎಚ್ಚರವಾಯಿತು. ಮೈಗೆ ಸುದ್ದಿ ಗೊತ್ತಿರಲಿಲ್ಲ. ಎದ್ದು ಮಂಚದ ತುದಿಯಲ್ಲಿ ಕೂತಳು. ಎಷ್ಟು ಹೊತ್ತು ಕೂತಳೋ. ಸೊಂಟ ತಾನಾಗಿ ಎಡಕ್ಕೆ ತಿರುಗಿ ಮಂಚದ ಚೌಕಟ್ಟಿಗೆ ಒತ್ತಿಕೊಂಡಿತ್ತು. ಆರೂಕಾಲಾಯಿತು. ಈಗ ದೋಣಿ ಇಳಿಸಿರುತ್ತಾರೆ. ಈಗ ನರ್ಸು ಹಿಟ್ಟಿನ ತೋಳಿನವಳ ಪಕ್ಕ ಕೂತಿರುತ್ತಾಳೆ, ಏನೋ ಜೋಕು ಹೊಡೆದಿರುತ್ತಾಳೆ.

ಕಿಟಕಿ ಪಕ್ಕದ ಕುರ್ಚಿ ಕಿರ್ರೆಂದಿತು. ಗಂಡ ಅವಳನ್ನೇ ನೋಡುತ್ತಿದ್ದ.

"ಯಾಕೆ ಹಾಗೆ ಸೊಟ್ಟಗೆ ಕೂತಿದ್ದೀಯಾ?" ಎಂದ. ಎರಡು ವರ್ಷದಲ್ಲಿ ಅವನಾಗಿ ಕೇಳಿದ ಮೊದಲ ಮಾತು. "ಎಲ್ಲಾದರೂ ನೋಯ್ತಾ ಇದೆಯಾ?"

ಅವಳ ಬಾಯಿ ತೆರೆಯಿತು.

"ಏನಿಲ್ಲ" ಎಂದಳು.

ಅವನು ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗಿದ.