ಗೀಸರ್ ಸದ್ದಿಗೆ ಸೋತ ಟೈಲರಣ್ಣ

ಬಚ್ಚಲಲ್ಲಿ ಗೀಸರ್ ಸದ್ದು ಮಾಡಿದರೆ ಯಾರು ತಾನೇ ತಲೆ ಕೆಡಿಸಿಕೊಳ್ಳುತ್ತಾರೆ? ನೀರು ಬಿಸಿ ಬಂತೋ, ಮೈಮೇಲೆ ಬಿತ್ತೋ, ಮುಗಿಯಿತು. ಹಿಂದಿನ ಬೀದಿಯ ಟೈಲರಣ್ಣನೂ ತಲೆ ಕೆಡಿಸಿಕೊಂಡಿರಲಿಲ್ಲ. ಅದಕ್ಕೆ ಅವನದೇ ಒಂದು ಕಾರಣವಿತ್ತು. ಹೇಳಿದರೆ ಜನ ನಗುತ್ತಾರೆ ಅಂತ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅವನ ಹೆಂಡತಿ ನರ್ಸು. ಎರಡು ವರ್ಷದ ಕೆಲಸಕ್ಕೆಂದು ದೂರದ ಆಸ್ಪತ್ರೆಗೆ ಹೋಗಿ ಹದಿಮೂರು ತಿಂಗಳಾಗಿತ್ತು. ಮನೆಯಲ್ಲಿ ಉಳಿದವರು ಅವನು ಮತ್ತು ಹತ್ತು ವರ್ಷದ ಮಗಳು. ಹೆಂಡತಿ ಇದ್ದಾಗ ಬೆಳಗ್ಗೆ ಐದೂವರೆಗೆ ಮೊದಲ ಸ್ನಾನ ಅವಳದೇ. ಚೊಂಬು ಬಕೆಟ್ಟಿಗೆ ತಾಗುವ ಸದ್ದು ಕೇಳುತ್ತ ಮಗ್ಗುಲು ಬದಲಿಸಿ ಇನ್ನೊಂದು ನಿದ್ದೆ ತೆಗೆಯುವುದು ಟೈಲರಣ್ಣನ ಸುಖ. ಅವಳು ಹೋದ ಮೇಲೆ ಆ ಸುಖವೂ ಹೋಯಿತು.

ಆದರೆ ನಾಲ್ಕು ತಿಂಗಳಿಂದ ಈಚೆಗೆ, ಬೆಳಗ್ಗೆ ಗೀಸರ್ ಹಾಕಿ ಬಂದು ಮತ್ತೆ ಮಲಗಿದರೆ ಬಚ್ಚಲಿನಿಂದ ಟಕ್, ಟಕ್, ಗುಳುಗುಳು ಅಂತ ಸದ್ದು ಬರತೊಡಗಿತು. ಅರೆನಿದ್ದೆಯಲ್ಲಿ ಅವನಿಗೆ ಹೆಂಡತಿಯೇ ಸ್ನಾನ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಪೂರ್ತಿ ಎಚ್ಚರವಾಗುವವರೆಗೆ ಅಷ್ಟೇ, ಒಂದು ಗಳಿಗೆ. ಆ ಒಂದು ಗಳಿಗೆಗಾಗಿ ಅವನು ದಿನವಿಡೀ ಕಾಯುತ್ತಿದ್ದ.

ಮೇಲಿನ ಮಹಡಿ ಮನೆಯ ಪ್ಲಂಬರ್ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ನಲ್ಲಿಯಕ್ಕ. ಒಂದು ಬೆಳಗ್ಗೆ ಕೆಲಸದ ಪ್ಯಾಂಟಿನ ಹರಿದ ಜೇಬು ಹೊಲಿಸಲು ಬಂದವಳು ಬಾಗಿಲಲ್ಲೇ ಕಿವಿ ನಿಮಿರಿಸಿ ನಿಂತಳು.

"ಟೈಲರಣ್ಣಾ, ನಿಮ್ಮ ಗೀಸರ್ ಯಾರ ಜೊತೆ ಜಗಳ ಆಡ್ತಿದೆ?"

"ಹಳೇದಲ್ವಾ ಅಕ್ಕ, ಅದು ಹಾಗೇ."

"ಹಳೇದಾದ್ರೆ ಕೂಗ್ಬೇಕು ಅಂತ ಏನಿಲ್ಲ. ನಮ್ಮ ಬೋರ್ ನೀರು ಗಡಸು. ಕಾದಾಗೆಲ್ಲ ಸುಣ್ಣ ಬಿಡುತ್ತೆ, ಅದು ತಳದಲ್ಲಿ ಗಸಿಯಾಗಿ ಕೂರುತ್ತೆ. ಗಸಿ ಅಡಿ ಸಿಕ್ಕಿಕೊಂಡ ನೀರು ಕುದ್ದು ಟಕ್ ಅಂತ ಸಿಡಿಯುತ್ತೆ. ಟ್ಯಾಂಕ್ ಖಾಲಿ ಮಾಡಿಸಿ ಎಷ್ಟು ದಿನ ಆಯ್ತು?"

"ಗೀಸರನ್ನೂ ಖಾಲಿ ಮಾಡಿಸ್ತಾರಾ?"

"ಒಳ್ಳೆ ಕಥೆ! ದಿನಾ ಚಾ ಮಾಡೋ ಪಾತ್ರೆ ತೊಳೀತೀರಿ. ಆರು ವರ್ಷದಿಂದ ನೀರು ಕಾಯಿಸ್ತಿರೋದನ್ನ ತೊಳೆಯೋದು ಬೇಡ್ವಾ? ವರ್ಷಕ್ಕೊಂದ್ಸಲ ಮಾಡ್ಬೇಕು. ಗಡಸು ನೀರಾದ್ರೆ ಎರಡು ಸಲ."

"ನೀರು ಬಿಸಿ ಬರ್ತಿದೆ ತಾನೇ? ಸುಮ್ನಿರೋದನ್ನ ಕೆಣಕೋದ್ಯಾಕೆ?"

"ಅದು ಸುಮ್ನಿಲ್ಲ ಅಂತ ತಾನೇ ನಾನು ಹೇಳ್ತಿರೋದು!"

ಟೈಲರಣ್ಣ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದ. ಶಾಲೆಯ ಯೂನಿಫಾರ್ಮ್ ಕೆಲಸ ತಲೆಮೇಲಿದೆ, ಮುಂದಿನ ವಾರ ನೋಡೋಣ ಅಂದ. ಮುಂದಿನ ವಾರವೂ ಅದೇ ರಾಗ, ಅದರ ಮುಂದಿನ ವಾರವೂ ಅದೇ ರಾಗ.

ಅವಳಿಗೆ ಹೇಳದ ಇನ್ನೊಂದು ಸಂಗತಿಯಿತ್ತು. ಗೀಸರ್ ಕೆಳಗಿನ ಸೇಫ್ಟಿ ವಾಲ್ವಿನ ಬಾಯಿಂದ ಹಗಲೂ ರಾತ್ರಿ ನೀರು ತೊಟ್ಟಿಕ್ಕುತ್ತಿತ್ತು. ಹರಕು ಮುಚ್ಚುವುದೇ ಕಸುಬಾದವನ ಕೈ ತೂತು ಕಂಡರೆ ಸುಮ್ಮನಿರುತ್ತದೆಯೇ? ಕಾಲರಿನೊಳಗೆ ಇಡುವ ದಪ್ಪ ಕ್ಯಾನ್ವಾಸ್ ತುಂಡನ್ನು ಬೆಣೆಯಂತೆ ತುರುಕಿ, ಮೇಣದ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದ. ತೊಟ್ಟಿಕ್ಕುವುದು ನಿಂತಿತು. ತನ್ನ ಕೈಚಳಕಕ್ಕೆ ತಾನೇ ಬೀಗಿದ್ದ.

ಹಾಗೆ ಕಟ್ಟಿ ಎಂಟು ದಿನ ಕಳೆದಿರಬೇಕು. ಮಗಳು ಸ್ನಾನಕ್ಕೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದಳು. ನೀರಿನ ಬದಲು ಬುಸ್ಸೆಂದು ಹಬೆ ನುಗ್ಗಿತು. "ಅಪ್ಪಾ!" ಅಂತ ಕಿರುಚಿಕೊಂಡು ಟವೆಲ್ಲಿನಲ್ಲೇ ಹೊರಗೆ ಓಡಿ ಬಂದಳು. ಮೊಣಕೈ ಹತ್ತಿರ ಅಂಗೈಯಗಲ ಕೆಂಪಾಗಿತ್ತು. ಬಕೆಟ್ಟಿನ ಪಕ್ಕ ಕೂತು ನಲ್ಲಿ ತಿರುಗಿಸಿದ್ದರೆ ಹಬೆ ನೇರವಾಗಿ ಮುಖಕ್ಕೇ ಹೊಡೆಯುತ್ತಿತ್ತು.

ಟೈಲರಣ್ಣ ಹೊಲಿಗೆ ಬಿಟ್ಟು ಓಡಿ ಬಂದ. ಮಗಳ ತೋಳನ್ನು ಅಡುಗೆಮನೆಯ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದುಕೊಂಡೇ ಮಹಡಿಯ ಕಡೆ ಕೂಗಿದ. ನಲ್ಲಿಯಕ್ಕ ಎರಡೆರಡು ಮೆಟ್ಟಿಲು ಹಾರಿ ಬಂದು ಮೊದಲು ಬಾಗಿಲ ಪಕ್ಕದ ಮೇನ್ ಸ್ವಿಚ್ ಆರಿಸಿದಳು.

"ಬಚ್ಚಲಿಗೆ ಯಾರೂ ಕಾಲಿಡಬೇಡಿ. ಏನನ್ನೂ ಮುಟ್ಟಬೇಡಿ. ಪೂರ್ತಿ ತಣ್ಣಗಾಗ್ಲಿ, ಸಂಜೆ ಬರ್ತೀನಿ. ಮಗು ತೋಳು ಇನ್ನೂ ಕಾಲು ಗಂಟೆ ನೀರಲ್ಲೇ ಇರ್ಲಿ, ಆಮೇಲೆ ಡಾಕ್ಟರಿಗೆ ತೋರಿಸಿ."

ಸಂಜೆ ಬಂದವಳ ಕಣ್ಣು ಮೊದಲು ಬಿದ್ದದ್ದು ಆ ಗಂಟಿನ ಮೇಲೆ. ಬೆರಳಿನಿಂದ ಅದನ್ನು ತೋರಿಸಿದಳು. ಮೆಲ್ಲಗೆ ಹೇಳಿದಳು.

"ಅಣ್ಣಾ, ಇದು ಗೀಸರಿನ ಮೂಗು. ಒಳಗೆ ಒತ್ತಡ ಹೆಚ್ಚಾದ್ರೆ ಇಲ್ಲಿಂದಲೇ ಹೊರಗೆ ಹೋಗ್ಬೇಕು. ಕಾಯುವಾಗ ನಾಲ್ಕು ಹನಿ ಬಿದ್ರೆ ಪರವಾಗಿಲ್ಲ. ಇಡೀ ದಿನ ಬಿದ್ರೆ ವಾಲ್ವ್ ಬದಲಾಯಿಸ್ಬೇಕು. ಕಟ್ಟಬಾರ್ದು. ಗಸಿ ಮುಚ್ಚಿಕೊಂಡು, ನೀರು ಕಾದ ಮೇಲೆ ಕರೆಂಟ್ ನಿಲ್ಲಿಸೋ ಥರ್ಮೋಸ್ಟಾಟೂ ಕೆಟ್ಟಿದೆ. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಕಾದಿದ್ರೆ ಟ್ಯಾಂಕೇ ಸಿಡೀತಿತ್ತು. ಗೋಡೆನೂ ಉಳೀತಿರ್ಲಿಲ್ಲ."

ಟೈಲರಣ್ಣ ತನ್ನ ಕತ್ತರಿ ತಂದು ಅವಳ ಕೈಗೆ ಕೊಟ್ಟ.

ಟ್ಯಾಂಕ್ ಮುಟ್ಟಿ ತಣ್ಣಗಾಗಿದೆ ಅಂತ ಖಾತ್ರಿ ಮಾಡಿಕೊಂಡು ಅವಳು ಒಳಬರುವ ತಣ್ಣೀರಿನ ವಾಲ್ವ್ ಮುಚ್ಚಿದಳು. ಬಿಸಿನೀರಿನ ನಲ್ಲಿ ತೆರೆದು ಉಳಿದ ಒತ್ತಡ ಇಳಿಸಿದಳು. ಆಮೇಲೆ ದಾರ ಕತ್ತರಿಸಿ, ಕೆಳಗೆ ಬಕೆಟ್ ಇಟ್ಟು, ತಳದ ತಿರುಪು ಬಿಚ್ಚಿದಳು. ಮೊದಲು ಕಂದು ನೀರು, ಹಿಂದೆಯೇ ಮೊಸರಿನಷ್ಟು ದಪ್ಪ ಬಿಳಿ ಗಸಿ ಇಳಿಯಿತು. ತಣ್ಣೀರಿನ ವಾಲ್ವನ್ನು ಸ್ವಲ್ಪ ತೆರೆದು ನೀರು ಬಿಟ್ಟಳು. ತಿಳಿನೀರು ಬರುವವರೆಗೆ ಐದು ಬಕೆಟ್ ಬೇಕಾಯಿತು.

"ಅಕ್ಕ," ಟೈಲರಣ್ಣ ಕೇಳಿದ. "ಇನ್ನು ಆ ಸದ್ದು ಬರಲ್ವಾ?"

"ಬರಲ್ಲ. ಯಾಕೆ, ಬೇಕಿತ್ತಾ?" ಅವಳು ತಮಾಷೆಗೆ ಕೇಳಿದಳು. ಅವನ ಮುಖ ನೋಡಿದ ಮೇಲೆ ನಗಲಿಲ್ಲ.

ಮರುದಿನ ಹೊಸ ವಾಲ್ವ್, ಹೊಸ ಥರ್ಮೋಸ್ಟಾಟ್ ಬಂದವು. ಟ್ಯಾಂಕ್ ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಧಾರೆಯಾಗಿ ಬರುವವರೆಗೆ ಅವಳು ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡಲಿಲ್ಲ. "ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ರೆ ಕಾಯಿಲ್ ಸುಟ್ಟು ಹೋಗುತ್ತೆ. ಅಂದಹಾಗೆ, ಸ್ನಾನಕ್ಕೆ ಇಳಿಯೋ ಮುಂಚೆ ಸ್ವಿಚ್ ಆರಿಸೋದು ಮರೀಬೇಡಿ," ಅಂದಳು.

ಅದರ ಮಾರನೆಯ ಬೆಳಗ್ಗೆ ಟೈಲರಣ್ಣ ಗೀಸರ್ ಹಾಕಿ ಬಂದು ಮಲಗಿದ. ನೀರು ಕಾಯುತ್ತಿತ್ತು, ಸದ್ದಿಲ್ಲ. ಮನೆ ಅಷ್ಟು ದೊಡ್ಡದಿದೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ಹದಿಮೂರು ತಿಂಗಳು ತಡೆದಿದ್ದ ಅಳು ಬಂದೇ ಬಂತು. ತಡೆಯಲಾರದೆ ಹೆಂಡತಿಗೆ ಫೋನ್ ಮಾಡಿ ಸದ್ದು, ದಾರ, ಹಬೆ, ಮಗಳ ತೋಳು, ಒಂದನ್ನೂ ಬಿಡದೆ ಹೇಳಿದ.

ಆ ಕಡೆ ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು.

"ರೀ, ಇಲ್ಲಿ ಪಕ್ಕದ ಕೋಣೇಲಿ ಯಾರೋ ಕೆಮ್ಮಿದ್ರೂ ನೀವೇ ಅಂತ ನಾನು ಎದ್ದು ಕೂರ್ತೀನಿ. ನನಗೂ ನಿಮ್ಮದೇ ಕಥೆ. ಆದ್ರೆ ನಾನು ದಿನ ಎಣಿಸ್ತಿರೋದು ನಿಮ್ಮಿಬ್ಬರ ಹತ್ರ ಬರೋಕೆ. ನನ್ನ ಸದ್ದು ಬೇಕು ಅನ್ನಿಸಿದ್ರೆ ಎಷ್ಟು ಹೊತ್ತಿಗಾದ್ರೂ ನನ್ನನ್ನೇ ಎಬ್ಬಿಸಿ. ನನ್ನ ಮಗಳನ್ನ ಮಾತ್ರ ಇನ್ನೊಂದ್ಸಲ ಆ ಹಬೆ ಮುಂದೆ ನಿಲ್ಲಿಸಬೇಡಿ."

"ಇಲ್ಲ ಕಣೇ. ಆಣೆ ಮಾಡ್ತೀನಿ," ಅಂದ ಟೈಲರಣ್ಣ.

ಕೇಳಿದಿರಲ್ಲ, ಅಕ್ಕ ಅಣ್ಣಂದಿರೇ. ನಿಮ್ಮ ಗೀಸರ್ ಸದ್ದು ಮಾಡುತ್ತಿದೆಯೇ? ನೀರು ಕಂದಾಗಿ ಬರುತ್ತಿದೆಯೇ? ವಾಲ್ವಿನ ಬಾಯಿಗೆ ಬಟ್ಟೆ, ಬಿರಡೆ ಏನಾದರೂ ತುರುಕಿದ್ದೀರಾ? ಹಾಗಿದ್ದರೆ ಈಗಲೇ ಎದ್ದು ಮೇನ್ ಸ್ವಿಚ್ ಆರಿಸಿ. ನೀರು ಪೂರ್ತಿ ತಣ್ಣಗಾದ ಮೇಲೆ ಕೆಲಸ ಬಲ್ಲವರನ್ನು ಕರೆದು ಟ್ಯಾಂಕ್ ಖಾಲಿ ಮಾಡಿಸಿ, ವಾಲ್ವ್ ನೋಡಿಸಿ. ವರ್ಷಕ್ಕೊಮ್ಮೆಯಾದರೂ ಇದು ತಪ್ಪದಿರಲಿ. ನಿಮ್ಮವರು ಯಾರೋ ಎಲ್ಲೋ ದೂರದಲ್ಲಿ ಕೂತು ಮನೆಗೆ ಬರುವ ದಿನ ಎಣಿಸುತ್ತಿರಬಹುದು. ಅವರು ಬಂದು ಬಾಗಿಲು ತಟ್ಟಿದಾಗ ತೆರೆಯಲು ನೀವೆಲ್ಲ ಇರಬೇಕಲ್ಲವೇ?